ಕಿತ್ತು ಹಾಕಿದ ಒಂಬತ್ತು ಸಾಲು

ನಿಮ್ಮ ಪುಸ್ತಕದ ಒಂಬತ್ತು ಸಾಲು ಕಿತ್ತವಳು ನಾನೇ, ರಹಮತ್ ಮೇಷ್ಟ್ರೇ. ಕೈತಪ್ಪಲ್ಲ. ನೀವು ಪ್ರೂಫ್ ನೋಡಿ ಸಹಿ ಹಾಕಿ ಹೋದ ಮೇಲೆ, ಬೇಕಂತಲೇ ಕಿತ್ತೆ. ಎಮರ್ಜೆನ್ಸಿಗೆ ಮುಂಚಿನ ಮಾತು. ಯಶವಂತಪುರದ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದ ಲಕ್ಷ್ಮಮ್ಮ — ನಾಲ್ಕನೇ ಕ್ಲಾಸಿನವಳು — ನೆನಪಿದೀನಾ?

ಇಷ್ಟು ವರ್ಷ ಬಿಟ್ಟು ಈಗ್ಯಾಕೆ ಅಂದ್ರೆ, ನನ್ನ ಮೊಮ್ಮಗಳು ಮಂಜುಳ ಎಂ.ಎ. ಪಾಸಾದಳು! ಚರಿತ್ರೆಯಲ್ಲಿ! ಮುಂದಿನ ತಿಂಗಳಿಂದ ಸೋಲದೇವನಹಳ್ಳಿ ಕಡೆ ಕಾಲೇಜಲ್ಲಿ ಪಾಠ ಹೇಳ್ತಾಳೆ. ಬೀದಿಯವರಿಗೆಲ್ಲ ಸಕ್ಕರೆ ಹಂಚಿದೆ, ಬೇಡ ಅಂದವರ ಬಾಯಿಗೂ ತುರುಕಿದೆ. ಆ ಖುಷಿಯಲ್ಲೇ ನಿಮ್ಮ ಪುಸ್ತಕ ಅವಳ ಕೈಗಿಟ್ಟೆ — ನೋಡೇ, ಅಮೆರಿಕದ ಸುಧಾರಣೆಗಳ ಚರಿತ್ರೆ, ಒಂದೊಂದು ಅಕ್ಷರವೂ ನಿಮ್ಮಜ್ಜಿ ಜೋಡಿಸಿದ್ದು!

ಓದಿ ನಕ್ಕಳು. "ಎಲ್ಲ ಅಧ್ಯಾಯದಲ್ಲೂ ಎರಡೂ ಕಡೆಯವರ ಮಾತು ಹೇಳ್ತಾರಜ್ಜಿ. ಕುಡಿತದ ವಿರುದ್ಧದ ಚಳವಳಿಗೆ ಮಾತ್ರ ಒಂದೇ ಕಣ್ಣು. ಇದೆಂಥಾ ಮೇಷ್ಟ್ರೋ!"

ಪುಸ್ತಕ ಕಿತ್ತುಕೊಂಡೆ. ಸಿಟ್ಟು ಅವಳ ಮೇಲಲ್ಲ.

ಆ ಅಧ್ಯಾಯದಲ್ಲಿ ಮೊದಲು ಬರೆದಿದ್ದಿರಿ — ಅಲ್ಲಿನ ಹೆಂಗಸರು ಹೆಂಡದಂಗಡಿ ಬಾಗಿಲಲ್ಲಿ ಮಂಡಿಯೂರಿ ಪ್ರಾರ್ಥನೆ ಮಾಡಿದರು, ಮನೆ-ಮಕ್ಕಳನ್ನ ಉಳಿಸಿಕೊಳ್ಳೋಕೆ. ಜೋಡಿಸ್ತಾ ಜೋಡಿಸ್ತಾ ಅದನ್ನ ಎರಡೆರಡು ಸಲ ಓದ್ಕೊಂಡೆ. ಕೊನೆಗೆ ಆ ಒಂಬತ್ತು ಸಾಲು: ಇನ್ನು ಕೆಲವರು ಬೇರೆ ಅರ್ಥ ಮಾಡ್ತಾರೆ, ಹೊರದೇಶದಿಂದ ಬಂದ ಬಡ ಕೂಲಿಗಳನ್ನು ಕಂಡು ಹೆದರಿದ ಅನುಕೂಲಸ್ಥರು, ಅವರನ್ನು ಹದ್ದುಬಸ್ತಿನಲ್ಲಿ ಇಡೋಕೆ ಹೂಡಿದ ಚಳವಳಿ ಅದು, ಅಂತ.

ಮೈ ಉರಿದುಹೋಯ್ತು. ಹಿಂದಿನ ದಿನವಷ್ಟೇ ಗಂಡ ಸಾರಾಯಿ ಅಂಗಡಿಯಿಂದ ಬಂದವನು ನನ್ನ ಎಡಗೈ ತಿರುಚಿದ್ದ. ಅಕ್ಷರ ಕೂಡಿಸೋ ಸ್ಟಿಕ್ಕು ಹಿಡಿಯೋದು ಎಡಗೈಯಲ್ಲೇ. ಊದಿದ ಕೈಯಲ್ಲಿ ಆ ಮಾತನ್ನ ಜೋಡಿಸಬೇಕಿತ್ತು! ಯಾವನು ಹಾಗಂದಿದ್ದು? ಅವನ ಕೈ ಯಾವತ್ತಾದ್ರೂ ಊದಿತ್ತಾ?

ಜೋಡಿಸಿದೆ. ನೀವು ಸಹಿ ಹಾಕಿದಿರಿ. ಎಲ್ಲರೂ ಊಟಕ್ಕೆ ಹೋದಾಗ ಮೊಳೆ ಜೋಡಿಸಿಟ್ಟ ಪುಟಕ್ಕೆ ಸುತ್ತಿದ ದಾರ ಬಿಚ್ಚಿ, ಒಂಬತ್ತೂ ಸಾಲು ಕಿತ್ತು, ಮೊಳೆಗಳನ್ನ ಅವುಗಳ ಖಾನೆಗೆ ಹಾಕಿ, ಜಾಗಕ್ಕೆ ಮರದ ತುಂಡು ತುಂಬಿದೆ. ಅಧ್ಯಾಯದ ಕೊನೆ ಖಾಲಿ ಇದ್ರೆ ಯಾರು ಕೇಳ್ತಾರೆ? ನಿಮ್ಮ ಕೈಬರಹದ ಹಾಳೆ, ಪ್ರೂಫು — ಎರಡೂ ನಮ್ಮನೆ ನೀರೊಲೆಗೆ.

ಪಾಠಕ್ಕೆ ಇಟ್ಕೋಬೇಕಿದ್ದ ಕಾಲೇಜಿನವರು ಪುಸ್ತಕ ಬೇಡ ಅಂದರು. "ಸಾಬರಲ್ವಾ, ಕುಡಿತದ ವಿಷಯದಲ್ಲಿ ತಮ್ಮ ಧರ್ಮದ್ದೇ ಬರ್ಕೊಂಡಿದಾರೆ" ಅಂದರಂತೆ. ಥೂ ಅವರ ಬಾಯಿಗಿಷ್ಟು! ಆದರೆ ಆ ಬಾಯಿಗೆ ಮಾತು ಹಾಕಿಕೊಟ್ಟವಳು —

ಪ್ರೆಸ್ಸಿಗೆ ಬಂದು ಕೇಳಿದಿರಿ: "ಲಕ್ಷ್ಮಮ್ಮನವರೇ, ಇಲ್ಲಿ ಇನ್ನೂ ಸ್ವಲ್ಪ ಇತ್ತಲ್ವಾ?"

"ಇಲ್ಲ ಸಾರ್. ನೀವು ಕೊಟ್ಟಷ್ಟೇ ಜೋಡಿಸಿದೀನಿ."

ಬೈದಿದ್ದರೆ ನಾನೂ ಕೂಗಾಡ್ತಿದ್ದೆ; ಸಾರಾಯಿ, ಕೈ, ಸಾಲು, ಎಲ್ಲಾ ಹೊರಗೆ ಬೀಳ್ತಿತ್ತು. ನೀವು ಕನ್ನಡಕ ಒರೆಸಿಕೊಂಡು, "ಹಾಗಾದ್ರೆ ನಾನೇ ಬರೆದಿಲ್ಲ ಅನ್ಸತ್ತೆ. ಬರೆದೆ ಅಂದ್ಕೊಂಡ್ಬಿಟ್ಟೆ" ಅಂದಿರಿ. ಆಮೇಲೆ ನೀವು ಇನ್ನೊಂದು ಪುಸ್ತಕ ಬರೆಯಲೇ ಇಲ್ಲ ಅಂತ ಕೇಳಿದೀನಿ.

ಆ ಸಾಲುಗಳನ್ನ ಈಗಲೂ ಒಪ್ಪಲ್ಲ, ಮೇಷ್ಟ್ರೇ. ಎದುರಿಗೆ ಕೂತು ಜಗಳ ಆಡೇನು. ಅವತ್ತೇ ಆಡಬಹುದಿತ್ತು, ನೀವು ಕೇಳಿಸಿಕೊಳ್ಳೋರು. ಕೈ ತಿರುಚಿದವನ ಮುಂದೆ ಬಾಯಿ ಬಿಡದವಳು, ಲಕ್ಷ್ಮಮ್ಮನವರೇ ಅಂತ ಕರೆದ ಒಬ್ಬರ ಮೇಲೆ ತೀರಿಸಿಕೊಂಡೆ — ಇದನ್ನ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸತ್ತೆ.

ಇವತ್ತು ಬೆಳಿಗ್ಗೆ ಮಂಜುಳಂಗೆ ಎಲ್ಲ ಹೇಳಿದೆ. ಪುಸ್ತಕ ತೆಗೆದು ಆ ಅಧ್ಯಾಯದ ಕೊನೆಯ ಖಾಲಿ ಜಾಗದ ಮೇಲೆ ಬೆರಳಾಡಿಸಿದಳು. ಈ ಕಾಗದ ಹಿಡಿದು ಆರ್.ಟಿ. ನಗರದ ನಿಮ್ಮ ಮನೆಗೆ ಬರೋದು ಅವಳೇ. ಕ್ಷಮಿಸಿ ಅಂತ ಕೇಳೋ ಮುಖ ನನಗಿಲ್ಲ. ಇಷ್ಟು ತಿಳ್ಕೊಳ್ಳಿ ಸಾಕು — ನೀವು ಮರೆತಿರಲಿಲ್ಲ. ನೀವು ಬರೆದಿದ್ದಿರಿ.