ಅಂಚು ಸವೆದ ಎಂಟಾಣೆ

“ಟಂಕಸಾಲ್ಯಾಗ ತಪ್ಪಾಗಿದ್ರ ಲಕ್ಷ ರೂಪಾಯಿ ಸಿಗತೈತಂತಲ್ರಿ?” ಅಥಣಿಯಿಂದ ಬಂದ ಮಹಿಳೆಯೊಬ್ಬರು, ತೀರಿಹೋದ ತಮ್ಮ ಅಪ್ಪನ ಪೆಟ್ಟಿಗೆಯಲ್ಲಿ ಸಿಕ್ಕ ಎಂಟಾಣೆಯನ್ನು ನನ್ನ ಮುಂದಿಟ್ಟರು. ಅಂಚು ಒಂದು ಕಡೆ ಕಚ್ಚಿ ತೆಗೆದಂತೆ ತಗ್ಗಾಗಿತ್ತು. ನಾನು ನಾಣ್ಯ ಸಂಗ್ರಹಿಸುವವನು. ತಪ್ಪು ಅಚ್ಚಿನ ನಾಣ್ಯಕ್ಕೆ ಲಕ್ಷ ಸಿಗುತ್ತದೆಂಬ ವಿಡಿಯೊ ನೋಡಿ ಹೀಗೆ ಬರುವವರಿಗೆ ಹೇಳಿ ಹೇಳಿ ಸಾಕಾಗಿದೆ. ಟಂಕಸಾಲೆಯಲ್ಲಿ ಅಚ್ಚೊತ್ತುವ ಮೊದಲೇ ಅಂಚು ತುಂಡಾಗಿದ್ದರೆ ಎದುರು ಬದಿಯ ಅಂಚೂ ಸಾಮಾನ್ಯವಾಗಿ ಮಸುಕಾಗಿರುತ್ತದೆ. ಇದರದು ಚೊಕ್ಕವಾಗಿತ್ತು.

“ತಪ್ಪಲ್ರಿ ಅಕ್ಕಾರ, ಯಾರೋ ತಿಕ್ಕಿ ತಿಕ್ಕಿ ಬರೇ ಸವದೈತಿ. ಬೆಲೆ ಇಲ್ರಿ,” ಎಂದೆ.

ಅವರು ಆ ತಗ್ಗಿನಲ್ಲಿ ಹೆಬ್ಬೆರಳಿಟ್ಟು ನೋಡಿದರು. “ಚಪ್ಪಲಿ ಹೊಲಿದ ಮ್ಯಾಲ ತೊಗಲಿನ ಅಂಚ ತಿಕ್ಕಾಕ ಅಪ್ಪ ಏನೋ ಹಿಡೀತಿದ್ದ. ಅದು ಇದ ಇರಬೇಕ್ರಿ!” ನಾಣ್ಯವನ್ನು ಸೆರಗಿಗೆ ಗಂಟು ಹಾಕಿಕೊಂಡು ಹೋದರು.

‘ಬರೇ ಸವದೈತಿ’ ಎಂದು ಎಷ್ಟು ಜನರನ್ನು ಕಳಿಸಿದ್ದೇನೋ. ಈಗ ಆ ‘ಬರೇ’ ಬಾಯಿಗೆ ಬರುತ್ತಿಲ್ಲ.