ಬಾಗಿಲಿನ ಹೊರಮೈ

‘ಬೀದಿ ನಾಯೀನ ತಂದು ಪೆಟ್ಗೇಲಿ ಕೂಡಾಕ್ದ. ಅದು ಎದೆ ಒಡ್ಕಂಡು, ಸಿಕ್ಕಿದ್ದೇ ದಾರಿ ಅಂತ ಓಡೋಗಿ ಸತ್ತೋಯ್ತು.’

ಮಡಕಶಿರಾ ಕಡೆಯ ನಮ್ಮ ನೆಂಟರಲ್ಲಿ ಈಗಲೂ ಓಡಾಡುತ್ತಿರುವ ಮಾತಿದು. ಮೊದಲು ಹೇಳಿದವಳು ನನ್ನ ಅಕ್ಕ. ಅವಳ ಮಾತನ್ನು ಅಲ್ಲಗಳೆಯುವುದು ನನಗೆ ಸುಲಭವಲ್ಲ; ತಾಯಿಯಿಲ್ಲದ ಮನೆಯಲ್ಲಿ ನನಗೆ ಉಣ್ಣಿಸಿ ದೊಡ್ಡವನನ್ನಾಗಿ ಮಾಡಿದವಳು ಅವಳೇ. ಆದರೂ ಹೇಳಬೇಕು. ನಾಯಿಯನ್ನು ತಂದವನು ನಾನು, ಪೆಟ್ಟಿಗೆಯೂ ನನ್ನದು; ಅಲ್ಲಿಯವರೆಗೆ ನಿಜ. ಮುಂದಿನದನ್ನು ಕಣ್ಣಾರೆ ಕಂಡವರು ಒಬ್ಬರೂ ಇಲ್ಲ.

ರಾಯದುರ್ಗದಲ್ಲಿ ನಾನು ಜೀನ್ಸ್ ಹೊಲಿಯುತ್ತೇನೆ. ಬೆಳುಗುಪ್ಪದ ದಾರಿಯಲ್ಲಿ ಒಂದು ಪಾಳು ಶೆಡ್ಡಿನೊಳಗೆ ಯಾರೋ ಆ ಹೆಣ್ಣುನಾಯಿಯನ್ನು ಸರಪಳಿಯಲ್ಲಿ ಬಿಗಿದು, ಹೊರಗಿನಿಂದ ಚಿಲಕ ಹಾಕಿ ಹೋಗಿಬಿಟ್ಟಿದ್ದರು. ಬಿಡಿಸಿ ತಂದ ಮೇಲೂ ಕಬ್ಬಿಣದ ಸದ್ದು ಕೇಳಿದರೆ ಅದು ನಿಂತಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಿತ್ತು. ನಾಲ್ಕು ಗೋಡೆಗಳ ನಡುವೆ ಮಲಗುತ್ತಲೇ ಇರಲಿಲ್ಲ.

ಅದೇ ಸಮಯಕ್ಕೆ ಅಕ್ಕನ ಕಣ್ಣಿನ ಪೊರೆ ತೆಗೆಸುವುದು ನಿಶ್ಚಯವಾಯಿತು. ನಾನು ಹೋಗಿ ಅವಳ ಜೊತೆಗಿರಬೇಕು. ಬಸ್ಸಿನಲ್ಲಿ ನಾಯಿಯನ್ನು ಹತ್ತಿಸುವುದಿಲ್ಲ. ಬಟ್ಟೆಯ ಗಂಟು ಸಾಗಿಸುವ ಗಾಡಿಯವನು, ಪೆಟ್ಟಿಗೆಯಲ್ಲಿದ್ದರೆ ಮಾತ್ರ ಒಯ್ಯುವೆನೆಂದ. ಪೆಟ್ಟಿಗೆಗೆ ಒಗ್ಗದಿದ್ದರೆ ಅದನ್ನು ಬೀದಿಗೆ ಬಿಡಬೇಕಾಗಿತ್ತು.

ಹೊಲಿಗೆ ಯಂತ್ರ ಬಂದಿದ್ದ ಮರದ ಪೆಟ್ಟಿಗೆಯೊಂದು ಅಂಗಡಿಯಲ್ಲಿತ್ತು. ಹಲಗೆಯ ಬಾಗಿಲು ಮಾಡಿ ಹಸಿರು ಬಣ್ಣ ಬಳಿದೆ. ಬಣ್ಣದ ವಾಸನೆ ಹೋಗುವವರೆಗೂ ಬಾಗಿಲನ್ನು ಕೂಡಿಸಲಿಲ್ಲ. ಚಿಲಕದ ಬದಲು ಜೀನ್ಸ್ ಬಟ್ಟೆಯ ಪಟ್ಟಿ ಹೊಲಿದು ಗುಂಡಿ ಇಟ್ಟೆ. ಕತ್ತರಿಸಿ ಉಳಿದ ತುಂಡುಗಳನ್ನು ತುಂಬಿ ಒಂದು ಮೆತ್ತೆಯನ್ನೂ ಮಾಡಿದೆ. ಪಕ್ಕದ ಯಂತ್ರದವನಿಗೆ ನಗು.

‘ಏನ್ರಿ ಅಜ್ಜಾರ, ನಾಯಿಗೂ ಪ್ಯಾಂಟ್ ಹೊಲ್ಯಾಕ ಹತ್ತೀರೇನು?’

‘ಹೌದಪಾ. ನಿನ್ಹಂಗ ಅದು ಅಳತಿ ಸುಳ್ಳ ಹೇಳಂಗಿಲ್ಲ.’

ರೊಟ್ಟಿಯ ಚೂರನ್ನು ಮೊದಲು ಪೆಟ್ಟಿಗೆಯ ಹೊರಗೆ ಇಟ್ಟೆ, ಆಮೇಲೆ ಹೊಸ್ತಿಲಲ್ಲಿ, ಆಮೇಲೆ ಮೆತ್ತೆಯ ಮೇಲೆ. ಒಳಗೆ ಹೋಗೆಂದು ನಾನು ಒಮ್ಮೆಯೂ ನೂಕಲಿಲ್ಲ. ಬಹಳ ದಿನ ಮುಂಗಾಲು ಒಳಗೆ, ಹಿಂಗಾಲು ಹೊರಗೆ ಇಟ್ಟುಕೊಂಡೇ ಅದು ತಿಂದಿತು. ಒಂದು ಮಧ್ಯಾಹ್ನ ಯಂತ್ರ ನಿಲ್ಲಿಸಿ ನೋಡುತ್ತೇನೆ, ತಾನಾಗಿಯೇ ಒಳಗೆ ಹೋಗಿ ಮೂಗನ್ನು ಬಾಲದಡಿ ಇಟ್ಟುಕೊಂಡು ಮಲಗಿದೆ. ನನ್ನ ಬಳಿಗೆ ಬಂದ ಮೇಲೆ ಅದು ಗೊರಕೆ ಹೊಡೆದದ್ದು ಅದೇ ಮೊದಲು. ಮತ್ತೆ ಯಂತ್ರ ನಡೆಸಲು ನನಗೆ ಮನಸ್ಸಾಗಲಿಲ್ಲ. ಆಮೇಲಾಮೇಲೆ ಗುಂಡಿ ಹಾಕಿದರೂ ತಲೆ ಎತ್ತುತ್ತಿರಲಿಲ್ಲ. ಮಡಕಶಿರಾದ ದಾರಿಯುದ್ದಕ್ಕೂ ನಿದ್ದೆ ಮಾಡುತ್ತಲೇ ಬಂತು.

ಅಕ್ಕನ ಮನೆಯ ಜಗಲಿಯ ಮೇಲೆ ಪೆಟ್ಟಿಗೆಯನ್ನು ಬಾಗಿಲು ತೆರೆದೇ ಇಟ್ಟಿದ್ದೆ. ಹೊಸ ಜನ ಬಂದರೆ ನಾಯಿ ಒಳಗೆ ಸೇರಿಕೊಳ್ಳುತ್ತಿತ್ತು, ಹೋದರೆ ಹೊರಗೆ ಬರುತ್ತಿತ್ತು.

ಸಂಕ್ರಾಂತಿ ಬಂತು. ಆ ಸಂಜೆ ಅಲ್ಲಿ ಬೀದಿಗೆ ಅಡ್ಡಲಾಗಿ ಹುಲ್ಲು ಹರಡಿ ಬೆಂಕಿ ಹಚ್ಚಿ, ತೊಳೆದು ಸಿಂಗರಿಸಿದ ದನಗಳನ್ನು ಅದರ ಮೇಲೆ ಹಾಯಿಸುತ್ತಾರೆ. ಕಿಚ್ಚು ಹಾಯುವ ಹೊತ್ತಿನಲ್ಲಿ ಯಾವ ಜೀವವನ್ನೂ ಕಟ್ಟಿಹಾಕಬಾರದು, ಕೂಡಿಹಾಕಬಾರದು ಎಂಬುದು ಅಕ್ಕನ ಮನೆಯ ನಡೆ. ಕೋಳಿಗಳ ಮೇಲೆ ಮುಚ್ಚುವ ಬುಟ್ಟಿಯನ್ನೂ ಅಂದು ಎತ್ತಿಡುತ್ತಾರೆ.

‘ಏನೋ ತಮ್ಮ, ಹಬ್ಬದ ದಿವ್ಸಾನೂ ಅದನ್ನ ಪೆಟ್ಗೇಲೇ ಇಕ್ತೀಯಾ? ಪಾಪ ಬತ್ತೈತೆ ಕಣೋ.’

‘ನಾನು ಇಕ್ಕಿಲ್ಲ ಕಣಕ್ಕ. ಅದೇ ಮನಗೈತೆ.’

‘ಹ್ಞೂಂ, ನಾಯಿ ನಿನ್ ಕಿವೀಲಿ ಬಂದು ಹೇಳ್ತು.’

ಪೊರೆ ತೆಗೆಸಿದ ಮೇಲೆ ಅವಳ ಕಣ್ಣಿಗೆ ಹಾಕುತ್ತಿದ್ದ ಔಷಧಿ ಮುಗಿದಿತ್ತು. ತರಲು ಪೇಟೆಗೆ ಹೋದೆ. ತಿರುಗಿ ಬರುವಾಗ ಬೀದಿಯಲ್ಲಿ ಬೂದಿ ಇನ್ನೂ ಹೊಗೆಯಾಡುತ್ತಿತ್ತು, ತಮಟೆ ನಿಂತಿತ್ತು. ಪೆಟ್ಟಿಗೆಯ ಬಾಗಿಲು ಮುಚ್ಚಿತ್ತು. ನನ್ನ ಗುಂಡಿಯನ್ನು ಬಿಟ್ಟು, ಪಟ್ಟಿಯನ್ನು ಸುತ್ತಿ, ದನದ ಹಗ್ಗಕ್ಕೆ ಹಾಕುವ ಬಿಗಿ ಗಂಟು ಹಾಕಲಾಗಿತ್ತು. ಹಲಗೆಯ ಸಂದಿಯಲ್ಲಿ ಇಣುಕಿದರೆ ಒಳಗೆ ನಾಯಿ ಇರಲಿಲ್ಲ. ಅಕ್ಕ ಅದನ್ನು ಹೊರಗೆ ಎಳೆದು, ಮತ್ತೆ ಒಳಗೆ ಹೋಗದಂತೆ ಬಾಗಿಲು ಕಟ್ಟಿ, ಹೊಗೆ ಕಣ್ಣಿಗೆ ತಾಗೀತೆಂದು ತಾನು ಒಳಗೆ ಹೋಗಿ ಕದ ಹಾಕಿಕೊಂಡಿದ್ದಳು.

ಬೆಳಗ್ಗೆ ಕೆರೆ ಏರಿಯ ಆಚೆ, ರಸ್ತೆಯ ಅಂಚಿನಲ್ಲಿ ಅದು ಸಿಕ್ಕಿತು. ಯಾವ ಗಾಡಿಯೋ ತಿಳಿಯದು. ಹೊಂಗೆಯ ಮರದಡಿ ಗುಣಿ ತೋಡಿ ಮೆತ್ತೆಯ ಸಮೇತ ಮಣ್ಣು ಮಾಡಿದೆ. ಮೆತ್ತೆ ಒಳಗೇ ಇತ್ತಲ್ಲ, ಅದನ್ನು ತೆಗೆಯಲು ಆ ಗಂಟನ್ನು ಬಿಚ್ಚಬೇಕಾಯಿತು; ಬಹಳ ಹೊತ್ತು ಹಿಡಿಯಿತು. ಆಗಲೇ ನಾನು ಬಾಗಿಲನ್ನು ಸರಿಯಾಗಿ ನೋಡಿದ್ದು.

ಕಣ್ಣು ಇನ್ನೂ ಮಂಜಾಗಿದ್ದ ಅಕ್ಕನ ಕೈ ಹಿಡಿದು ಹಲಗೆಯ ಮೇಲೆ ಇಟ್ಟೆ. ಅವಳ ಬೆರಳುಗಳು ಮೇಲಿಂದ ಕೆಳಗೆ ನಿಧಾನವಾಗಿ ಇಳಿದವು, ಮತ್ತೆ ಮೇಲೇರಿದವು.

‘ಸದ್ದು ಕೇಳಿತ್ತು ಕಣೋ. ಕರು ಕಂಬಕ್ಕೆ ಮೈ ಉಜ್ತೈತೆ ಅನ್ಕಂಡೆ.’

ಆದರೂ ಮಾರನೆಯ ದಿನ ನೋಡಲು ಬಂದ ನೆಂಟರಿಗೆ, ಪೆಟ್ಟಿಗೆಯಿಂದ ನಾಯಿಯ ಎದೆ ಒಡೆಯಿತೆಂದೇ ಹೇಳಿದಳು. ನನ್ನ ಕಡೆ ಮುಖ ತಿರುಗಿಸಲಿಲ್ಲ. ನಾನು ಅವಳ ಕಣ್ಣಿಗೆ ಔಷಧಿಯ ಹನಿ ಹಾಕಿ ಹೊರಗೆ ಬಂದು ಕೂತೆ. ಮಾಡಿದ್ದನ್ನು ಅವಳು ಕರುಣೆಯಿಂದಲೇ ಮಾಡಿದ್ದಳು; ಅದನ್ನು ನಾನು ಇಂದಿಗೂ ಅನುಮಾನಿಸಿಲ್ಲ.

ಆ ಬಾಗಿಲನ್ನು ಕಳಚಿ ರಾಯದುರ್ಗಕ್ಕೆ ತಂದೆ. ನನ್ನ ಅಂಗಡಿಯ ಗೋಡೆಗೆ ಒರಗಿಸಿದ್ದೇನೆ. ಯಾರು ಬೇಕಾದರೂ ಬಂದು ಮುಟ್ಟಿ ನೋಡಬಹುದು. ಪಟ್ಟಿಯ ಮೇಲೆ ಹಲ್ಲಿನ ಗುರುತುಗಳಿವೆ. ಒಳಮೈಯ ಹಸಿರು ಬಳಿದ ದಿನದ ಹಾಗೆಯೇ ಇದೆ, ಒಂದು ಗೀರೂ ಇಲ್ಲ. ಉಗುರಿನ ಗೀರುಗಳೆಲ್ಲ ಹೊರಮೈಯಲ್ಲಿವೆ. ಬಣ್ಣ ಕಿತ್ತುಹೋಗಿ, ಕೆಳಗಡೆ ಮರ ಬೆಳ್ಳಗೆ ಕಾಣುತ್ತದೆ.