ಹಗಲು ಕರೆಂಟಿನ ಹಠ

ಮೂರು ವರ್ಷದ ಹಿಂದಿನ ಮಾತು. ನಾನಾಗ ಮಳವಳ್ಳಿ ತಾಲ್ಲೂಕಿನಲ್ಲಿ ವಿದ್ಯುತ್ ಇಲಾಖೆಯ ಸೆಕ್ಷನ್ ಆಫೀಸರ್, ನಿವೃತ್ತಿಗೆ ಒಂದೇ ವರ್ಷ ಬಾಕಿ. ಶಿವನಸಮುದ್ರದ ಹಾದಿಯ ಒಂದು ಹಳ್ಳಿಯ ಬಳಿ ಹೊಸದಾಗಿ ಸೋಲಾರ್ ಘಟಕ ಎದ್ದಿತ್ತು. ಅದರ ಕರೆಂಟನ್ನು ಪಂಪ್‌ಸೆಟ್ಟುಗಳಿಗೆ ಹಗಲಲ್ಲೇ ಕೊಡುವ ಹೊಣೆ ನನ್ನ ಹೆಗಲಿಗೆ ಬಿತ್ತು.

ಈ ತಾಲ್ಲೂಕಿನ ಜಲಪಾತ ನೂರು ವರ್ಷಕ್ಕೂ ಹಿಂದೆ ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಟ್ಟಿದೆ. ಇಲ್ಲಿಯ ರೈತ ಮಾತ್ರ ಸರಿರಾತ್ರಿ ಬ್ಯಾಟರಿ ಹಿಡಿದು ಕಬ್ಬಿಗೆ ನೀರು ಕಟ್ಟಬೇಕು. ಎಲ್ಲರಿಗೂ ಕೊಟ್ಟು ಮಿಕ್ಕಿದ್ದು ಅವನ ಪಾಲು. ಇದು ನನಗೆ ಮೊದಲಿಂದಲೂ ಹೊಟ್ಟೆ ಉರಿಸುತ್ತಿತ್ತು.

ಮೊದಲ ದಿನ ಬೆಳಗ್ಗೆ ಕರೆಂಟು ಬಿಟ್ಟೆವು. ಕಣ್ಣು ಮಿಟುಕಿಸುವಷ್ಟರಲ್ಲಿ ಫೀಡರ್ ಟ್ರಿಪ್ ಆಯಿತು, ಅಂದರೆ ಆ ಇಡೀ ಮಾರ್ಗ ತಾನಾಗಿ ಬಂದ್ ಆಯಿತು. ಮರುದಿನವೂ ಅದೇ ಕಥೆ. ಕಾರಣ ನನಗೂ ಗೊತ್ತು, ಊರಿಗೂ ಗೊತ್ತು. ಕರೆಂಟು ಯಾವಾಗ ಬರುತ್ತದೋ ನಂಬಿಕೆಯಿಲ್ಲದ ನಮ್ಮ ಕಡೆಯ ಜನ ಸ್ಟಾರ್ಟರಿಗೆ 'ಆಟೋ' ಎಂಬ ಡಬ್ಬಿ ಕೂರಿಸಿರುತ್ತಾರೆ. ಕರೆಂಟು ಬಂದೊಡನೆ ಮೋಟರು ತಾನೇ ಓಡುತ್ತದೆ. ಶುರುವಾಗುವಾಗ ಮೋಟರು ಹಲವು ಪಟ್ಟು ಕರೆಂಟು ಎಳೆಯುತ್ತದೆ. ರಾತ್ರಿ ಅರ್ಧರ್ಧ ಊರಿಗೆ ಎರಡು ಪಾಳಿಯಲ್ಲಿ ಕೊಡುತ್ತಿದ್ದಾಗ ಹೇಗೋ ತಡೆಯುತ್ತಿತ್ತು. ಈಗ ಊರಿನ ಮೋಟರುಗಳೆಲ್ಲ ಒಂದೇ ಏಟಿಗೆ ಎದ್ದರೆ ಯಾವ ಫೀಡರ್ ತಾಳೀತು?

ಮೇಲಧಿಕಾರಿ ಫೋನು ಮಾಡಿದರು. "ಅಲ್ಲಿಗೆ ಸೋಲಾರ್ ಒಗ್ಗುವುದಿಲ್ಲ ಅಂತ ವರದಿ ಬರೆಯಿರಿ. ನಾಳೆಯಿಂದ ಮತ್ತೆ ರಾತ್ರಿ ಪಾಳಿ."

"ಬರೆಯುವುದಿಲ್ಲ ಸರ್. ಇನ್ನೊಂದು ದಿನ ಕೊಡಿ," ಅಂದೆ. ಅವರು ಫೋನಿಟ್ಟರು.

ಸಂಜೆ ಅರಳಿಕಟ್ಟೆಗೆ ಊರವರನ್ನು ಸೇರಿಸಿದೆ. ಆಟೋ ಬಿಚ್ಚಿ, ಬೆಳಗ್ಗೆ ನೀವೇ ಹೋಗಿ ಗುಂಡಿ ಒತ್ತಿ, ಪಕ್ಕದವರ ಮೋಟರು ಓಡಿದ ಸದ್ದು ಕೇಳಿದ ಮೇಲೆ ನಿಮ್ಮದು ಹಾಕಿ ಎಂದೆ. ಎಲ್ಲರಿಗಿಂತ ಹೆಚ್ಚು ಕಬ್ಬು ಬೆಳೆಯುವ ಬೋರೇಗೌಡ ಮೊದಲೇ ಎದ್ದು ನಿಂತ.

"ನಾನು ಬಿಚ್ಚಿಕ್ಕಿ ಮನೇಲಿ ಕೂತಿರ್ತೀನಿ, ಪಕ್ಕದ ಒಲದವ್ನು ಬಿಚ್ದೆ ನೀರೆಲ್ಲ ಎಳ್ಕೊತಾನೆ. ಓಗಿ ಸಾ, ನಿಮ್ಮ ಕರೆಂಟ ನಂಬಕ್ಕಾಯ್ತದಾ?"

ಅವನ ಪಕ್ಕದ ಹೊಲ ಪುಟ್ಟಲಕ್ಷ್ಮಮ್ಮನದು. ಎರಡು ವರ್ಷದ ಹಿಂದೆ ರಾತ್ರಿ ನೀರು ಕಟ್ಟಲು ಹೋದ ಅವಳ ಗಂಡನ ಕಾಲನ್ನು ಕಬ್ಬಿನೊಳಗಿದ್ದ ಚಿರತೆ ಸೀಳಿತ್ತು. ಅಂದಿನಿಂದ ರಾತ್ರಿ ಗದ್ದೆಗೆ ಹೋಗುತ್ತಿದ್ದವಳು ಅವಳೇ. ಅವಳು ಸೀದಾ ಎದ್ದು ಬಂದು, ಆಗಲೇ ಬಿಚ್ಚಿ ತಂದಿದ್ದ ಆಟೋ ಡಬ್ಬಿಯನ್ನು ಕೈಚೀಲದಿಂದ ತೆಗೆದು ಕಟ್ಟೆಯ ಮೇಲಿಟ್ಟಳು.

"ಪಕ್ಕದ ಒಲದವ್ಳು ನಾನೇ ಕಣ್ಲಾ ಬೋರ. ಬಿಚ್ಚಿವ್ನಿ, ನೋಡ್ಕೊ. ನೀನು ಬಿಚ್ತೀಯೋ ಬುಡ್ತೀಯೋ, ನಾನಂತೂ ಇನ್ನು ರಾತ್ರಿ ಗದ್ದೆ ಮೆಟ್ಟಕ್ಕಿಲ್ಲ. ಒಣಗಿದ್ರೆ ಒಣಗ್ಲಿ."

ಬೋರೇಗೌಡ ಆ ಡಬ್ಬಿಯನ್ನೇ ನೋಡುತ್ತಿದ್ದು, ಏನೋ ಗೊಣಗಿಕೊಂಡು ತನ್ನ ಹೊಲದ ಕಡೆ ನಡೆದ. ಕತ್ತಲಾಗುವ ಮೊದಲೇ ತನ್ನ ಡಬ್ಬಿ ತಂದು ಅವಳದರ ಪಕ್ಕ ಕುಕ್ಕಿದ. ಆಮೇಲೆ ಒಬ್ಬೊಬ್ಬರಾಗಿ ಬಂದರು.

ಬೆಳಗ್ಗೆ ಕರೆಂಟು ಬಿಡಿಸಿ ನಾನು ಪುಟ್ಟಲಕ್ಷ್ಮಮ್ಮನ ಹೊಲದಲ್ಲೇ ನಿಂತಿದ್ದೆ. ಮೊದಲು ಅವಳ ಮೋಟರು ಗುರ್ರೆಂದಿತು. ಆಮೇಲೆ ಬೋರೇಗೌಡನದು, ಅದರಾಚೆ ಇನ್ನೊಬ್ಬರದು, ಹೀಗೆ ಸದ್ದು ಹೊಲದಿಂದ ಹೊಲಕ್ಕೆ ದಾಟುತ್ತ ಊರ ಆ ತುದಿ ಮುಟ್ಟಿತು. ಫೀಡರ್ ಅಲುಗಲಿಲ್ಲ. ನನ್ನ ಕಣ್ಣು ತುಂಬಿ ಬಂತೆಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಅಷ್ಟರಲ್ಲಿ ಮೇಲಧಿಕಾರಿಯ ಫೋನು. "ಟ್ರಿಪ್ ಆಯಿತಾ?"

ನಾನು ನೀರು ಧುಮುಕುತ್ತಿದ್ದ ಪೈಪಿನ ಬಳಿ ಫೋನು ಹಿಡಿದೆ.

ಸೂರ್ಯನ ಕರೆಂಟು ಒಗ್ಗುವುದಿಲ್ಲ ಎಂದು ಬರೆಯಲು ಒಂದು ಹಾಳೆ ಸಾಕಿತ್ತು. ಒಗ್ಗಿಸಲು ಒಬ್ಬರಾದರೂ ಮೊದಲು ಕಟ್ಟೆಯ ಮೇಲೆ ಡಬ್ಬಿ ಇಡಬೇಕಿತ್ತು. ಮೂವತ್ತು ವರ್ಷದ ನೌಕರಿ ನನಗೆ ಕಲಿಸಿದ್ದು ಇಷ್ಟೇ.

ಯಾರ ಫೋನೆಂದು ಪುಟ್ಟಲಕ್ಷ್ಮಮ್ಮ ಕೇಳಿದಳು. ಮತ್ತೆ ರಾತ್ರಿ ಪಾಳಿ ಎಂದಿದ್ದ ಮೇಲಧಿಕಾರಿಯದೆಂದು ಹೇಳಿದೆ. ಕಾಲುವೆ ಬದಿಗೆ ಮಣ್ಣೆಳೆಯುತ್ತಲೇ ಅಂದಳು:

"ರಾತ್ರಿ ನಾವು ಮನೀಕತೀವಿ. ಏನಿದ್ರೂ ಬೆಳಗ್ಗೆ ಬಂದು ಮಾತಾಡಿ ಅನ್ನಿ ಅವರ್ಗೆ."